300 ಪ್ರತಿ ಸಾಕು: ಈಗಿನ ಕಾಲದಲ್ಲಿ ಕನ್ನಡ ಪುಸ್ತಕ ಪ್ರಿಂಟ್ ಹಾಕ್ಸೋದು ಹೇಗೆ

ಎಲ್ರೂ ಮೊಬೈಲಲ್ಲೇ ಓದೋ ಕಾಲದಲ್ಲಿ ಪ್ರಿಂಟ್ ಪುಸ್ತಕಕ್ಕೆ ಭವಿಷ್ಯ ಇದ್ಯಾ ಅಂತ ಕೇಳಿದ್ರೆ ನನ್ನ ಉತ್ತರ: ಇದೆ, ಆದ್ರೆ 1000 ಪ್ರತಿಗೆ ಇಲ್ಲ, 300ಕ್ಕೆ ಇದೆ. ಮೊದಲೆಲ್ಲ ಆಫ್‌ಸೆಟ್‌ನಲ್ಲಿ ಹಾಕ್ಸಬೇಕಿತ್ತು, ಅದಕ್ಕೆ ಪ್ಲೇಟ್ ಮಾಡ್ಬೇಕು, ಮಷಿನ್ ಸೆಟ್ ಮಾಡ್ಬೇಕು, ಇಷ್ಟು ಖರ್ಚಾದ್ಮೇಲೆ 200 ಪ್ರತಿ ಹಾಕಿದ್ರೂ ಅಷ್ಟೇ 1000 ಹಾಕಿದ್ರೂ ಹೆಚ್ಚೇನೂ ಆಗಲ್ಲ ಸಾರ್ ಅಂತ ಪ್ರೆಸ್‌ನವ್ರು ಹೇಳೋರು, ನಾವೂ ಹೂಂ ಅಂತ 1000 ಹಾಕ್ಸಿ 250 ಮಾರಿ ಉಳಿದಿದ್ದನ್ನ ಮಂಚದ ಕೆಳಗೆ ಇಡೋದು. ಕನ್ನಡದ ಎಷ್ಟು ಕವಿಗಳ ಮನೇಲಿ ಆ ಮಂಚ ಇದೆ ಅಂತ ಅವರ ಮನೆಯವ್ರನ್ನ ಕೇಳಬೇಕು. ಈಗ ಡಿಜಿಟಲ್ ಪ್ರಿಂಟಿಂಗ್ ಬಂದು ಆ ಕಷ್ಟ ಹೋಯ್ತು, ಪ್ಲೇಟೇ ಇಲ್ಲ, ಪಿಡಿಎಫ್ ಕೊಟ್ರೆ 50 ಬೇಕಾ 50, 100 ಬೇಕಾ 100. ಡಿಜಿಟಲ್ ಬಂದು ಪುಸ್ತಕ ಸಾಯತ್ತೆ ಅಂತ ಎಲ್ರೂ ಅಂದ್ರಲ್ಲ, ನಮ್ಮಂಥ ಸಣ್ಣ ಭಾಷೆಯ ಸಣ್ಣ ಪುಸ್ತಕಗಳನ್ನ ಉಳಿಸಿರೋದೇ ಡಿಜಿಟಲ್ ಮಷಿನ್ನು.

ಹಾಗಾಗಿ ಈ ಬರಹ ಸ್ವಂತ ದುಡ್ಡಲ್ಲಿ ಒಂದು ಪುಸ್ತಕ ತರಬೇಕು ಅಂತಿರೋರಿಗೆ. ನಿಮ್ಮದೇ ಕಥೆ ಕವನ ಇರಬಹುದು, ತಾತ ಬರೆದಿಟ್ಟಿದ್ದ ಡೈರಿ ಇರಬಹುದು, ಊರಿನ ಜಾತ್ರೆ, ದೇವಸ್ಥಾನದ ಚರಿತ್ರೆ ಇರಬಹುದು. ದೊಡ್ಡ ಪ್ರಕಾಶಕರು ಸಿಕ್ಕಿದ್ರೆ ಸಂತೋಷ, ಅವರಿಗೇ ಕೊಡಿ, ಮುಂದಕ್ಕೆ ಓದೋದು ಬೇಡ.

ಮೊದ್ಲು, ಇದು ಕಾಗದದ ಮೇಲೆ ಬರಲೇಬೇಕಾ?

ಇದನ್ನ ಯಾರೂ ಕೇಳ್ಕೊಳಲ್ಲ. ಪುಸ್ತಕ ಅಂದ್ರೆ ಪ್ರಿಂಟೇ ಅಂತ ಶುರು ಮಾಡ್ತಾರೆ. ನನ್ನ ಲೆಕ್ಕ ಹೀಗೆ, ವರ್ಷಕ್ಕೊಂದ್ಸಲ ಬದಲಾಗೋ ವಿಷಯ (ಕಂಪ್ಯೂಟರ್ ಪಾಠ, ಟ್ಯಾಕ್ಸ್, ಸರ್ಕಾರಿ ಯೋಜನೆ, ಪರೀಕ್ಷೆ ನೋಟ್ಸ್) ಕಾಗದಕ್ಕೆ ದಂಡ, ಅದನ್ನ ಆನ್‌ಲೈನಲ್ಲಿ ಹಾಕಿ ತಿದ್ದುತ್ತಾ ಇರಿ. ಹುಡುಕಿ ನೋಡೋ ಪುಸ್ತಕಗಳೂ ಫೋನಿಗೇ ಹೋಗಿವೆ. ವಿ. ಕೃಷ್ಣ ಅವರ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಆನ್‌ಲೈನ್ ಬಂದ್ಮೇಲೆ ಒಂದು ಪದಕ್ಕೋಸ್ಕರ ಅಟ್ಟದ ಮೇಲಿರೋ ಡಿಕ್ಷನರಿ ಇಳಿಸೋರು ಕಮ್ಮಿ. ಆದ್ರೆ ಪಂಚಾಂಗ ನೋಡಿ, ಅದರದ್ದು ಬೇಕಾದಷ್ಟು ಆಪ್ ಇದೆ, ಆದ್ರೂ ಯುಗಾದಿ ಬಂತು ಅಂದ್ರೆ ಒಂಟಿಕೊಪ್ಪಲ್ ಪಂಚಾಂಗ ಮನೆಗೆ ಬರಲೇಬೇಕು, ಯಾಕಂದ್ರೆ ಅದು ಪೂಜೆಗೆ ಇಡೋ ವಸ್ತು, ಗೂಟಕ್ಕೆ ನೇತುಹಾಕೋ ವಸ್ತು, ಮಾಹಿತಿ ಆಮೇಲೆ. ಅಂದ್ರೆ ಕೈಲಿ ಹಿಡಿಯೋಕೆ, ಯಾರಿಗಾದ್ರೂ ಕೊಡೋಕೆ, ಮನೇಲಿ ಇಟ್ಕೊಳ್ಳೋಕೆ ಆಗೋ ಪುಸ್ತಕಕ್ಕೆ ಕಾಗದ ಬೇಕು. ಕವನ, ಮಕ್ಕಳ ಚಿತ್ರಪುಸ್ತಕ, ಮನೆತನದ ಕಥೆ, ಊರಿನ ಚರಿತ್ರೆ, ಹಾಡಿನ ಪುಸ್ತಕ, ನಿಧಾನವಾಗಿ ಓದೋ ಕಾದಂಬರಿ. ಅಡುಗೆ ಪುಸ್ತಕನೂ ಸೇರಿಸ್ತೀನಿ, ಹಿಟ್ಟಿನ ಕೈಯಲ್ಲಿ ಫೋನ್ ಅನ್‌ಲಾಕ್ ಮಾಡಿ ನೋಡಿದೋರಿಗೆ ಗೊತ್ತು.

ಓದುಗರನ್ನ ಎಣಿಸಿ, ಆಮೇಲೆ ಪ್ರತಿ ಎಣಿಸಿ

ಪ್ರೆಸ್‌ಗೆ ಹೋಗೋಕೆ ಮುಂಚೆ ಒಂದು ಹಾಳೆ ತಗೊಂಡು ದುಡ್ಡು ಕೊಟ್ಟು ತಗೊಳ್ಳೋರ ಹೆಸರು ಬರೀರಿ. ಫೇಸ್‌ಬುಕ್‌ನಲ್ಲಿ ಲೈಕ್ ಒತ್ತೋರನ್ನ ಬರೀಬೇಡಿ. ಆಮೇಲೆ ಒಂದು ಗೂಗಲ್ ಫಾರ್ಮ್ ಮಾಡಿ, ಯುಪಿಐ ಕ್ಯೂಆರ್ ಹಾಕಿ, ಪ್ರಕಟಣೆಗೆ ಮುಂಚೆ ತಗೊಂಡ್ರೆ ಇಷ್ಟು ಕಮ್ಮಿ ಅಂತ ಮುಂಗಡ ಬುಕಿಂಗ್ ತೆರೀರಿ, 15 ದಿನ ಬಿಡಿ. ಎಷ್ಟು ದುಡ್ಡು ಬಂತೋ ಅದು ನಿಜವಾದ ಸಂಖ್ಯೆ. ಇದೇನೋ ಹೊಸ ಸ್ಟಾರ್ಟಪ್ ಐಡಿಯಾ ಅನ್ಕೋಬೇಡಿ, ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲೇ ಚಂದಾದಾರರನ್ನ ಮಾಡ್ಕೊಂಡು ವರ್ಷಕ್ಕಿಷ್ಟು ಪುಸ್ತಕ ಅಂತ ಕೊಡೋಕೆ ಶುರು ಮಾಡಿದ್ದು, ಓದೋರು ಯಾರು ಅಂತ ಗೊತ್ತಿದ್ದೇ ಪ್ರಿಂಟ್ ಹಾಕ್ತಿದ್ರು. ಅದಕ್ಕೂ ಮುಂಚೆ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ತಲೆ ಮೇಲೆ ಹೊತ್ಕೊಂಡು ಊರೂರು ಸುತ್ತಿ ಮಾರ್ತಿದ್ರು ಅಂತಾರೆ. ನಮಗೆ ವಾಟ್ಸಾಪ್ ಸ್ಟೇಟಸ್ ಹಾಕೋಕೂ ಸಂಕೋಚ.

ಮುಂಗಡ ಬಂದಿರೋದು 90 ಅಂತಿಟ್ಕೊಳ್ಳಿ, ಬಿಡುಗಡೆ ದಿನಕ್ಕೆ 60, ಅಂಗಡಿಗೆ 50, ಗೌರವ ಪ್ರತಿ ಅಂತ 30, ಕಾನೂನು ಪ್ರಕಾರ ಕಳಿಸೋದಕ್ಕೆ ನಾಲ್ಕೈದು (ಅದನ್ನ ಆಮೇಲೆ ಹೇಳ್ತೀನಿ). 250 ಹತ್ರ ಆಯ್ತು. 300 ಹಾಕ್ಸಿ. ಖಾಲಿ ಆದ್ರೆ ಮತ್ತೆ 100 ಹಾಕ್ಸೋದು ಒಂದು ವಾರದ ಕೆಲಸ, ಅದೇ ಈ ಪದ್ಧತಿಯ ಸುಖ. ಗೌರವ ಪ್ರತಿ ಬಗ್ಗೆ ಒಂದು ಮಾತು, ಕೇಳಿದೋರಿಗೆಲ್ಲ ಕೊಡಬೇಡಿ, ಪುಕ್ಕಟೆ ಬಂದ ಪುಸ್ತಕ ಓದೋರು ತೀರಾ ಕಮ್ಮಿ.

ಅಕ್ಷರದ ಕೆಲಸ: ನಿಜವಾದ ತಲೆನೋವು ಇಲ್ಲಿ

ಕನ್ನಡ ಪುಸ್ತಕದಲ್ಲಿ ಹೆಚ್ಚು ಹೊತ್ತು ತಿನ್ನೋದು ಬರವಣಿಗೆ ಅಲ್ಲ ಫಾಂಟು. ನಮ್ಮ ಡಿಟಿಪಿ (ಕಂಪ್ಯೂಟರಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟೋ) ಅಂಗಡಿಗಳಲ್ಲಿ ಇವತ್ತಿಗೂ ತುಂಬಾ ಜನ ನುಡಿ, ಶ್ರೀಲಿಪಿ ಥರದ ಹಳೇ ಆಸ್ಕಿ ಫಾಂಟಲ್ಲೇ ಕೆಲಸ ಮಾಡೋದು. ಪ್ರಿಂಟ್ ಚೆನ್ನಾಗೇ ಬರತ್ತೆ, ಸುಳ್ಳು ಹೇಳಬಾರದು. ಆದ್ರೆ ಆ ಫೈಲ್ ಒಳಗೆ ಕನ್ನಡ ಇರೋದೇ ಇಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿರ್ತಾರೆ, ಫಾಂಟ್ ತೆಗೆದ್ರೆ ಬರೀ ಗೋಜಲು. ನಾಳೆ ಅದನ್ನ ಇ-ಪುಸ್ತಕ ಮಾಡ್ಬೇಕು ಅಂದ್ರೆ, ಯಾರೋ ಗೂಗಲ್‌ನಲ್ಲಿ ಹುಡುಕಿದ್ರೆ ಸಿಗಬೇಕು ಅಂದ್ರೆ, ಯಾವ್ದೂ ಆಗಲ್ಲ. ಅದಕ್ಕೆ ಮೊದಲನೇ ದಿನದಿಂದ, ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರೋ ಯೂನಿಕೋಡ್‌ನಲ್ಲೇ ಇರಿ. ಡಿಟಿಪಿಯವರಿಗೆ ಕೆಲಸ ಕೊಡೋಕೆ ಮುಂಚೆ ಕೇಳಬೇಕಾದ ಮೊದಲನೇ ಪ್ರಶ್ನೆನೇ ಇದು, ರೇಟ್ ಆಮೇಲೆ.

ಹಳೇ ಫೈಲ್ ಆಸ್ಕೀಲಿ ಇದ್ರೆ ಆನ್‌ಲೈನಲ್ಲಿ ಪುಕ್ಕಟೆ ಕನ್ವರ್ಟರ್‌ಗಳಿವೆ, ಹಾಕಿ ತೆಗೀಬಹುದು, ಆದ್ರೆ ಬಂದಿದ್ದನ್ನ ಹಾಗೇ ನಂಬಬೇಡಿ. ಅರ್ಕಾವತ್ತು ಇರೋ ಪದ ಎಲ್ಲಾ ನೋಡಿ, ಧರ್ಮ ಕರ್ಮ ವರ್ಷ ಇವುಗಳಲ್ಲಿ ರಕಾರ ಜಾಗ ಬಿಟ್ಟು ಮುಂದಕ್ಕೋ ಹಿಂದಕ್ಕೋ ಹೋಗಿರತ್ತೆ. ದೀರ್ಘಗಳು ಬಿಡಿ ಬಿಡಿಯಾಗಿ ನಿಂತಿರ್ತವೆ. ಮಧ್ಯದಲ್ಲಿ ಇಂಗ್ಲಿಷ್ ಪದ ಇದ್ರೆ ಅದೂ ಕನ್ನಡ ಆಗಿ ವಿಚಿತ್ರ ಏನೋ ಆಗಿರತ್ತೆ, ಆವರಣ ಚಿಹ್ನೆ, ಡ್ಯಾಶ್, ಉದ್ಧರಣ ಚಿಹ್ನೆ ಎಲ್ಲಾ ಅಕ್ಷರಗಳಾಗಿ ಬದಲಾಗಿರ್ತವೆ.

ಇನ್ನೊಂದು ಯೂನಿಕೋಡಿನದ್ದೇ ಕಿರಿಕಿರಿ. ಫ್ರೆಂಡ್ಸ್‌ಗೆ ಅಂತ ಬರಬೇಕಾದ್ದು ಫ್ರೆಂಡ್ಸ್ಗೆ ಅಂತ ಗ ಕೆಳಗೆ ಇಳಿದು ಒತ್ತಾಗಿ ಕೂತಿರತ್ತೆ, ಇಂಗ್ಲಿಷ್ ಪದಕ್ಕೆ ವಿಭಕ್ತಿ ಸೇರಿಸಿದ ಕಡೆಯೆಲ್ಲ ಹೀಗಾಗತ್ತೆ, ನಮ್ಮ ಈಗಿನ ಕನ್ನಡದಲ್ಲಿ ಅದು ಪುಟಕ್ಕೆ ಹತ್ತು ಸಲ ಬರತ್ತೆ. ಮಧ್ಯೆ ಒಂದು ಕಾಣದ ಅಕ್ಷರ ಹಾಕ್ಬೇಕು, ಕೀಬೋರ್ಡಲ್ಲಿ ಅದಕ್ಕೆ ಬೇರೆ ಕೀ ಇರತ್ತೆ, ಟೈಪ್ ಮಾಡೋವಾಗ್ಲೇ ರೂಢಿ ಮಾಡ್ಕೊಂಡ್ರೆ ಒಳ್ಳೇದು. ರ‍್ಯಾಂಕ್ ಅಂತ ಬರೆಯೋವಾಗ್ಲೂ ಇದೇ ಕಥೆ, ಅಲ್ಲಿ ಬೇಕಿರೋದು ಇನ್ನೊಂದು ಥರದ ಕಾಣದ ಅಕ್ಷರ. ಇವನ್ನ ಫೈಂಡ್ ರೀಪ್ಲೇಸಲ್ಲಿ ಒಟ್ಟಿಗೇ ಬದಲಾಯಿಸೋಕೆ ಹೋಗಬೇಡಿ, ಒಂದು ಸರಿ ಮಾಡೋಕೆ ಹೋಗಿ ಸರಿ ಇರೋ ನೂರು ಕೆಡತ್ತೆ, ಒಂದೊಂದೇ ನೋಡ್ತಾ ಹೋಗಿ.

ಫಾಂಟ್‌ಗೆ ದುಡ್ಡು ಕೊಡಬೇಕಿಲ್ಲ. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಎರಡೂ ಮುಕ್ತ ಲೈಸೆನ್ಸಲ್ಲಿ ಸಿಗ್ತವೆ, ಒಳಪುಟಕ್ಕೆ ಚೆನ್ನಾಗಿರ್ತವೆ. ಮುಖಪುಟದ ಹೆಸರಿಗೆ ಬಾಲೂ ತಮ್ಮ ಥರದ ದಪ್ಪ ಅಕ್ಷರ, ಇಲ್ಲಾ ಯಾರಾದ್ರೂ ಕಲಾವಿದರ ಕೈಲಿ ಬರೆಸಿ, ಕೈಬರಹಕ್ಕೆ ಸಮ ಯಾವ್ದೂ ಇಲ್ಲ. ಮಕ್ಕಳ ಪುಸ್ತಕ ಬಿಟ್ಟು ಬೇರೆಯದಕ್ಕೆ ಒಳಗೆ ದುಂಡು ದುಂಡು ಫ್ಯಾನ್ಸಿ ಫಾಂಟ್ ದಯವಿಟ್ಟು ಬೇಡ.

ಕರಡು ತಿದ್ದೋದನ್ನ ಮಾತ್ರ ಸ್ಕ್ರೀನ್ ಮೇಲೆ ಮಾಡಬೇಡಿ. ಎ4ನಲ್ಲಿ ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಿ ತಿದ್ದಿ, ಆಮೇಲೆ ಪುಸ್ತಕ ಓದೇ ಇರೋ ಇನ್ನೊಬ್ಬರ ಕೈಲಿ ಓದ್ಸಿ. ಬರೆದೋರ ಕಣ್ಣಿಗೆ ಸ್ವಂತ ತಪ್ಪು ಕಾಣಲ್ಲ, ಅಲ್ಪಪ್ರಾಣ ಮಹಾಪ್ರಾಣ, ಅಕಾರ ಹಕಾರ, ಣ ನ, ಒಂದೇ ಊರಿನ ಹೆಸರು ಎರಡು ಥರ, ಇದೆಲ್ಲ ಬೇರೆಯವ್ರಿಗೇ ಕಾಣೋದು. ಅಂಕಿ ಕನ್ನಡದಲ್ಲಾ ಇಂಗ್ಲಿಷಲ್ಲಾ ಅಂತ ಒಂದ್ಸಲ ನಿರ್ಧಾರ ಮಾಡಿ, ಪುಟಸಂಖ್ಯೆ ಕನ್ನಡದಲ್ಲಿ ಪರಿವಿಡಿ ಇಂಗ್ಲಿಷಲ್ಲಿ ಇರೋ ಪುಸ್ತಕ ನಾನೇ ಎಷ್ಟೋ ನೋಡಿದೀನಿ.

ಪುಟ ವಿನ್ಯಾಸ

ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಸಾಲಿನ ಅಂತರ ಬೇಕು. ರಾಷ್ಟ್ರ, ಸ್ತ್ರೀ, ಶಾಸ್ತ್ರ ಥರ ಒತ್ತಿನ ಕೆಳಗೆ ಒತ್ತು ಬಂದ್ರೆ ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ಹೋಗಿ ಬಡಿಯತ್ತೆ. 12 ಪಾಯಿಂಟ್ ಅಕ್ಷರಕ್ಕೆ 17-18 ಪಾಯಿಂಟ್ ಅಂತರ ಇಟ್ಟು ನೋಡಿ, ಫಾಂಟ್ ಮೇಲೆ ಸ್ವಲ್ಪ ಆಚೆ ಈಚೆ. ಆಮೇಲೆ ನಮ್ಮ ಪದಗಳು ಉದ್ದ, ಎರಡೂ ಕಡೆ ಸಮ ಮಾಡಿದ್ರೆ ಸಾಲಿನ ಮಧ್ಯೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳತ್ತೆ, ಅದಕ್ಕೇ ಕನ್ನಡದಲ್ಲಿ ಸಾಲಿನ ಕೊನೇಲಿ ಪದ ಒಡೆಯೋ ಪದ್ಧತಿ ಇರೋದು. ಒಡೆದ್ರೆ ಇಡೀ ಅಕ್ಷರಕ್ಕೇ ಒಡೀಬೇಕು, ಒತ್ತಕ್ಷರದ ಮಧ್ಯೆ ಅಲ್ಲ, ಮತ್ತೆ ಒಂದೇ ಅಕ್ಷರವನ್ನ ಮುಂದಿನ ಸಾಲಿಗೆ ತಳ್ಳಬಾರದು. ಇದು ಬೇಜಾರಪ್ಪ ಅಂದ್ರೆ ಎಡಕ್ಕೆ ಮಾತ್ರ ಸಮ ಮಾಡಿ ಬಲಕ್ಕೆ ಹಾಗೇ ಬಿಡಿ, ಕವನಕ್ಕಂತೂ ಅದೇ ಸರಿ.

ಇನ್‌ಡಿಸೈನಲ್ಲಿ (ಪುಟ ಕಟ್ಟೋ ದುಡ್ಡಿನ ಸಾಫ್ಟ್‌ವೇರು) ಮಾಡೋದಾದ್ರೆ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಆನ್ ಇರಬೇಕು, ಇಲ್ದಿದ್ರೆ ಒತ್ತಕ್ಷರ ಎಲ್ಲಾ ಬಿಚ್ಚಿಕೊಂಡು ಸಾಲಾಗಿ ನಿಂತಿರತ್ತೆ, ಕನ್ನಡ ಯೂನಿಕೋಡ್ ಇದ್ರಲ್ಲಿ ಬರಲ್ಲ ಸಾರ್ ಅಂತ ಅಂಗಡಿಯವ್ರು ಹೇಳೋದಕ್ಕೆ ಅರ್ಧ ಕಾರಣ ಆ ಒಂದು ಸೆಟ್ಟಿಂಗು. ದುಡ್ಡಿನ ಸಾಫ್ಟ್‌ವೇರ್ ಬೇಡ ಅಂದ್ರೆ ಸ್ಕ್ರೈಬಸ್‌ನ ಹೊಸ ಆವೃತ್ತಿಲಿ ಕನ್ನಡ ಸರಿಯಾಗಿ ಬರತ್ತೆ. ಬರೀ ಪಠ್ಯ ಇರೋ ಕಾದಂಬರಿಗೆ ಲಿಬ್ರೆ ಆಫೀಸೇ ಸಾಕು, ಸ್ಟೈಲ್ ಸರಿಯಾಗಿ ಬಳಸೋದು ಕಲಿತ್ರೆ.

ಅಳತೆ: ಡೆಮಿ 1/8 ಅಂದ್ರೆ ಕತ್ತರಿಸಿದ ಮೇಲೆ ಐದೂವರೆ ಇಂಟು ಎಂಟೂವರೆ ಇಂಚು, ಕಾದಂಬರಿ, ಕಥೆ, ಲೇಖನ ಎಲ್ಲದಕ್ಕೂ ಇದೇ. ಕವನಕ್ಕೆ, ಜೇಬಿಗೆ ಹಾಕೋ ಪುಸ್ತಕಕ್ಕೆ ಅದಕ್ಕಿಂತ ಚಿಕ್ಕ ಕ್ರೌನ್ 1/8. ಬೆನ್ನಿನ ಕಡೆ ಅಂಚು ಧಾರಾಳವಾಗಿ ಬಿಡಿ, ಅಲ್ಲಿ ಕಂಜೂಸ್ ಮಾಡಿದ್ರೆ ಓದುಗರು ಪುಸ್ತಕವನ್ನ ಹಿಡಿದು ಸೀಳಬೇಕಾಗತ್ತೆ. ಫೋಟೋ ಇದ್ರೆ ಪ್ರಿಂಟಾಗೋ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಬೇಕು, ವಾಟ್ಸಾಪಲ್ಲಿ ಬಂದ ಫೋಟೋ ನಡೆಯಲ್ಲ, ಮೂಲ ಫೈಲ್ ಕೇಳಿ ತರಿಸ್ಕೊಳಿ ಇಲ್ಲಾ ಹಳೇ ಫೋಟೋನ ಸ್ಕ್ಯಾನ್ ಮಾಡಿ. ಅಕ್ಷರದ ಕಪ್ಪು ಬರೀ ಕಪ್ಪಾಗಿರಬೇಕು, ನಾಲ್ಕು ಬಣ್ಣ ಸೇರಿಸಿ ಮಾಡಿದ ಕಪ್ಪು ಆಗಿದ್ರೆ ಡಿಜಿಟಲ್ ಮಷಿನಲ್ಲಿ ಆ ಪುಟಗಳಿಗೆ ಕಲರ್ ರೇಟ್ ಬೀಳಬಹುದು, ಬಿಲ್ ನೋಡಿ ಗಾಬರಿ ಆಗ್ತೀರ.

ಪ್ರೆಸ್‌ಗೆ ಯಾವತ್ತೂ ವರ್ಡ್ ಫೈಲ್ ಕೊಡಬೇಡಿ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ, ಮುಖಪುಟ ಬೇರೆ ಫೈಲು, ಸುತ್ತ 3 ಮಿ.ಮೀ. ಹೆಚ್ಚುವರಿ ಅಂಚು ಬಿಟ್ಟು.

ಕಾಗದ, ಪ್ರಿಂಟು, ಬೈಂಡಿಂಗು

ಕನ್ನಡ ಪುಸ್ತಕಗಳ ಒಳಪುಟದಲ್ಲಿ ಬಳಸಿದ ಕಾಗದ 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೋ ಅಂತ ಇರತ್ತಲ್ಲ, ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಅಂತ, ಮ್ಯಾಪ್‌ಲಿಥೋ ಅಂದ್ರೆ ಪುಸ್ತಕ ಪ್ರಿಂಟಿಗೆ ಬಳಸೋ ಕಾಗದ, ಎನ್.ಎಸ್. ಅಂದ್ರೆ ನ್ಯಾಚುರಲ್ ಶೇಡ್, ತುಸು ಹಳದಿ ಛಾಯೆ, ಕಣ್ಣಿಗೆ ಹಿತ. ಬೆಳ್ಳಗೆ ಫಳಫಳ ಅನ್ನೋ ಜೆರಾಕ್ಸ್ ಕಾಗದದಲ್ಲಿ ಕಾದಂಬರಿ ಹಾಕಿದ್ರೆ ನೋಟ್ಸ್ ಥರ ಕಾಣತ್ತೆ. ಪುಸ್ತಕ ದಪ್ಪ ಕಾಣಲಿ ಅಂತ 100 ಜಿಎಸ್‌ಎಂ ಹಾಕ್ಸೋರಿದ್ದಾರೆ, ಬೇಡ, ಬಗ್ಗಲ್ಲ, ತೂಕ ಜಾಸ್ತಿ, ಅಂಚೆ ಖರ್ಚೂ ಜಾಸ್ತಿ. ಲೆಕ್ಕ ಹಾಕಿದ್ರೆ ಡೆಮಿ 1/8ರ 200 ಪುಟದ ಪುಸ್ತಕ 70 ಜಿಎಸ್‌ಎಂನಲ್ಲಿ ಮುಖಪುಟ ಸೇರಿ ಸುಮಾರು 230 ಗ್ರಾಂ ತೂಗತ್ತೆ, ಈ ತೂಕ ನೆನಪಿಟ್ಕೊಳ್ಳಿ. ಬೆನ್ನಿನ ದಪ್ಪ ಹತ್ತಿರ ಹತ್ತಿರ 1 ಸೆಂ.ಮೀ., ಆದ್ರೆ ನಿಖರ ಅಳತೆ ಪ್ರೆಸ್‌ನವರ ಹತ್ರನೇ ಕೇಳಿ ಆಮೇಲೆ ಮುಖಪುಟ ಮಾಡ್ಸಿ, ಇಲ್ದಿದ್ರೆ ಬೆನ್ನಿನ ಮೇಲಿನ ಹೆಸರು ಪಕ್ಕಕ್ಕೆ ಜಾರಿರತ್ತೆ.

ಕೊಟೇಶನ್ ಕೇಳುವಾಗ ಒಂದು ಸಂಖ್ಯೆಗೆ ಕೇಳಬೇಡಿ. 100, 300, 500, 1000 ನಾಲ್ಕಕ್ಕೂ, ಡಿಜಿಟಲ್ ಆಫ್‌ಸೆಟ್ ಎರಡರಲ್ಲೂ, ಟ್ಯಾಕ್ಸ್ ಸೇರಿಸಿ ಕೇಳಿ, ಕಮ್ಮಿ ಅಂದ್ರೂ ಮೂರು ಕಡೆ. ಪುಸ್ತಕ ಮಾರೋಕೆ ಜಿಎಸ್‌ಟಿ ಇಲ್ಲ, ಆದ್ರೆ ಪ್ರೆಸ್‌ನವರ ಬಿಲ್ಲಲ್ಲಿ ಇರತ್ತೆ. ಡಿಜಿಟಲಲ್ಲಿ ಒಂದು ಪ್ರತಿಯ ರೇಟು ಹೆಚ್ಚು, ಎಷ್ಟು ಹಾಕಿದ್ರೂ ಹೆಚ್ಚುಕಮ್ಮಿ ಅಷ್ಟೇ, ಆಫ್‌ಸೆಟಲ್ಲಿ ಸಂಖ್ಯೆ ಏರಿದ ಹಾಗೆ ಇಳಿಯತ್ತೆ. ಎರಡರ ರೇಟೂ ಸಮ ಆಗೋ ಸಂಖ್ಯೆ ಒಂದೊಂದು ಪ್ರೆಸ್‌ಗೆ ಒಂದೊಂದು. 1000 ಹಾಕ್ಸಿದ್ರೆ ಪ್ರತಿಗೆ 40 ರೂಪಾಯಿ ಉಳಿಯತ್ತೆ ಅಂತ ಆಸೆ ತೋರಿಸ್ತಾರೆ, ಮಾರಾಟ ಆಗದ 700 ಪ್ರತಿಯ ಖರ್ಚನ್ನ ಮಾರಿದ 300ರ ಮೇಲೆ ಹಂಚಿ ನೋಡಿ, ಆಗ ಯಾವ್ದು ಅಗ್ಗ ಅಂತ ಗೊತ್ತಾಗತ್ತೆ. ಆಫ್‌ಸೆಟ್ ಆದ್ರೆ 16 ಪುಟಕ್ಕೊಂದು ಫಾರಂ (ಒಟ್ಟಿಗೆ ಪ್ರಿಂಟಾಗಿ ಮಡಚೋ ಹಾಳೆ), ಪುಟ ಅದರ ಗುಣಕದಲ್ಲಿ (ಕೊನೇಪಕ್ಷ 8ರಲ್ಲಿ) ಇರಬೇಕು, 194 ಪುಟ ಆದ್ರೆ ಆ 2 ಪುಟಕ್ಕೆ ಇನ್ನೊಂದು ತುಂಡು ಫಾರಂ ದುಡ್ಡು. ಡಿಜಿಟಲಲ್ಲಿ ಆ ಕಾಟ ಕಮ್ಮಿ.

300 ಹಾಕ್ಸೋಕೆ ಮುಂಚೆ ಒಂದೇ ಒಂದು ಪ್ರತಿ ಮಾಡ್ಸಿ. ಡಿಜಿಟಲ್‌ನಲ್ಲಿ ಇದು ಸಾಧ್ಯ, ಆದ್ರೂ ಅರ್ಜೆಂಟಲ್ಲಿ ಬಿಟ್ಬಿಡ್ತಾರೆ. ಆ ಪ್ರತಿ ಕೈಗೆ ಬಂದಾಗ ನೋಡಬೇಕಾದ್ದು: ಮಧ್ಯಕ್ಕೆ ತೆರೆದು ಮೇಜಿನ ಮೇಲಿಡಿ, ತಾನೇ ಟಪ್ ಅಂತ ಮುಚ್ಕೊಂಡ್ರೆ, ಪುಟಗಳು ಬೆನ್ನಿನ ಹತ್ರ ಸೊಟ್ಟ ಸೊಟ್ಟ ಅಲೆಯಾಗಿದ್ರೆ, ಕಾಗದದ ನಾರು ಅಡ್ಡ ಹೋಗಿದೆ ಅಂತ. ನಾರು ಬೆನ್ನಿಗೆ ಸಮಾನಾಂತರವಾಗಿ ಮೇಲಿಂದ ಕೆಳಕ್ಕೆ ಇರಬೇಕು. ಸಣ್ಣ ಡಿಜಿಟಲ್ ಅಂಗಡಿಗಳಲ್ಲಿ ಹಾಳೆ ಉಳಿಸೋಕೆ ಅಡ್ಡ ಹಾಕ್ತಾರೆ, ಗ್ರೇನ್ (ಅದೇ ನಾರು) ಬೆನ್ನಿನ ಉದ್ದಕ್ಕೆ ಬರಲಿ ಅಂತ ಮೊದಲೇ ಹೇಳಿದ್ರೆ ಇವ್ರಿಗೆ ವಿಷಯ ಗೊತ್ತು ಅಂತ ಉಳಿದ ಕೆಲಸನೂ ನೀಟಾಗಿ ಮಾಡ್ತಾರೆ. ಆಮೇಲೆ ಒಂದು ಹಾಳೆ ಹಿಡಿದು ಸ್ವಲ್ಪ ಜಗ್ಗಿ, ಪರ್ಫೆಕ್ಟ್ ಬೈಂಡಿಂಗ್ ಅಂದ್ರೆ ಬರೀ ಅಂಟು, ಅಂಟು ಸರಿ ಇಲ್ಲ ಅಂದ್ರೆ ಎರಡನೇ ಓದಿಗೇ ಹಾಳೆ ಉದುರತ್ತೆ. ನೂರು ವರ್ಷ ಇರಲಿ ಅನ್ನೋ ಮನೆತನದ ಪುಸ್ತಕಕ್ಕೆ ಹೊಲಿಗೆ ಬೈಂಡಿಂಗೇ ಮಾಡ್ಸಿ, ಖರ್ಚಾಗ್ಲಿ. 60-70 ಪುಟದೊಳಗಿನ ಕವನ ಸಂಕಲನಕ್ಕೆ ಸೆಂಟರ್ ಪಿನ್ (ಮಧ್ಯದ ಮಡಿಕೆಗೆ ಪಿನ್ ಹೊಡೆಯೋದು) ಸಾಕು, ಪೂರ್ತಿ ತೆರ್ಕೊಳತ್ತೆ, ನನಗಂತೂ ಅದೇ ಇಷ್ಟ.

ಕಾಗದ ಪತ್ರ

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಯಾರಿಗೂ ದುಡ್ಡು ಕೊಡಬೇಡಿ. ಅದನ್ನ ಕೊಡೋದು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ, ಅವರ ವೆಬ್‌ಸೈಟಲ್ಲಿ ಲೇಖಕರಾಗಿ ಇಲ್ಲಾ ಪ್ರಕಾಶಕರಾಗಿ ನೀವೇ ರಿಜಿಸ್ಟರ್ ಮಾಡಿ ಹಾಕಬಹುದು, ಪೂರ್ತಿ ಉಚಿತ. ನಾವು ಮಾಡಿಸ್ಕೊಡ್ತೀವಿ ಅಂತ ಸಾವಿರಗಟ್ಟಲೆ ಕೇಳೋರಿದ್ದಾರೆ. ಟೈಮ್ ಹಿಡಿಯತ್ತೆ ಅನ್ನೋದಷ್ಟೇ, ಹಾಗಾಗಿ ಕರಡು ತಿದ್ದೋ ಹೊತ್ತಿಗೇ ಅರ್ಜಿ ಹಾಕಿ. ಪ್ರಿಂಟಿಗೆ ಒಂದು, ಇ-ಪುಸ್ತಕಕ್ಕೆ ಬೇರೆ ಒಂದು ಬೇಕು. ಐಎಸ್‌ಬಿಎನ್ ಇದ್ದ ಮಾತ್ರಕ್ಕೆ ಕಾಪಿರೈಟ್ ಬಂತು ಅಂತಲ್ಲ, ಕಾಪಿರೈಟ್ ಬರೆದ ಕ್ಷಣದಿಂದ್ಲೇ ಇರತ್ತೆ.

ತಾತನ, ಮುತ್ತಾತನ ಬರಹ ಹಾಕ್ತಿದ್ರೆ ಹಕ್ಕು ವಾರಸುದಾರರೆಲ್ಲರದ್ದು, ಅತ್ತೆ ಚಿಕ್ಕಪ್ಪ ಎಲ್ಲರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಪುಸ್ತಕ ಬಂದ್ಮೇಲೆ ಜಗಳ ಬೇಡ. ಲೇಖಕರ ಜೀವಿತಕಾಲದಲ್ಲೇ ಪ್ರಕಟವಾಗಿದ್ದ ಬರಹಕ್ಕೆ ನಮ್ಮ ದೇಶದಲ್ಲಿ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರತ್ತೆ, ಅಂದ್ರೆ 1964ರಲ್ಲಿ ಹೋದವರದ್ದು 2025ರ ಶುರುವಿನಿಂದ ಮುಕ್ತ. ಅಧ್ಯಾಯದ ಶುರುವಿಗೆ ಸಿನಿಮಾ ಹಾಡಿನ ಸಾಲು, ಇತ್ತೀಚಿನ ಕವಿಗಳ ಪದ್ಯ ಪೂರ್ತಿ ಹಾಕ್ಬೇಕಂದ್ರೆ ಅನುಮತಿ ಕೇಳಲೇಬೇಕು.

ಹಕ್ಕುಪುಟದಲ್ಲಿ ಪ್ರಕಾಶಕರ ಹೆಸರು ವಿಳಾಸ, ಮುದ್ರಕರ ಹೆಸರು, ಮುದ್ರಣದ ವರ್ಷ, ಪುಟ, ಬೆಲೆ, ಪ್ರತಿಗಳ ಸಂಖ್ಯೆ, ಹಕ್ಕು ಯಾರದ್ದು, ಕಾಗದ ಎಲ್ಲಾ ಹಾಕಿ. ಇದನ್ನ ಯಾರು ಓದ್ತಾರೆ ಅನ್ನಬೇಡಿ, ಲೈಬ್ರರಿ ಅರ್ಜಿಗೂ ಅಂಚೆಗೂ ಬೇಕಾಗತ್ತೆ.

ಮುಂಚೆ ಹೇಳಿದ ನಾಲ್ಕೈದು ಪ್ರತಿ ಕಥೆ: 1954ರ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ಸ್ವಂತ ಖರ್ಚಲ್ಲಿ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬೈನ ಸೆಂಟ್ರಲ್ ಲೈಬ್ರರಿ, ದೆಹಲಿ ಪಬ್ಲಿಕ್ ಲೈಬ್ರರಿ ನಾಲ್ಕಕ್ಕೂ ಒಂದೊಂದು ಪ್ರತಿ ಕಳಿಸಬೇಕು. ಕಳಿಸದಿದ್ರೆ ದಂಡ 50 ರೂಪಾಯಿ ತನಕ, ಜೊತೆಗೆ ಪುಸ್ತಕದ ಬೆಲೆಯಷ್ಟು, ಆ ಮೊತ್ತ ನೋಡಿ ನಕ್ಕು ಸುಮ್ನಾಗೋರೇ ಹೆಚ್ಚು. ದಂಡಕ್ಕಲ್ಲ, ನಿಮ್ಮ ಮನೆ ಅಟ್ಟದ ಪ್ರತಿಗಳು ಗೆದ್ದಲು ಹಿಡಿದ ಮೇಲೂ ಎಲ್ಲೋ ಒಂದು ಕಡೆ ಇರಲಿ ಅಂತ ಕಳಿಸಿ.

ಮುನ್ನುಡಿ ಬೆನ್ನುಡಿಗೆ ಅಂತ ದೊಡ್ಡವರ ಮನೆ ಬಾಗಿಲಲ್ಲಿ ಆರಾರು ತಿಂಗಳು ಕಾಯೋರನ್ನ ನೋಡಿದ್ರೆ ಪಾಪ ಅನ್ಸತ್ತೆ. ಬೇಡ ಬಿಡಿ. ಹಿಂಬದಿಯ ಹೊರಪುಟಕ್ಕೆ ನಿಮ್ಮ ಪುಸ್ತಕದ್ದೇ ಒಳ್ಳೇ ಪ್ಯಾರಾ ಒಂದು ಹಾಕಿ.

ಬೆಲೆ, ಮಾರಾಟ

ಅಂಗಡಿಯವರು ಬೆಲೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 35-40 ಇಟ್ಕೊಳ್ತಾರೆ, ವಿತರಕರ ಮೂಲಕ ಹೋದ್ರೆ ಇನ್ನೂ ಹೆಚ್ಚು. ಅದನ್ನ ಲೂಟಿ ಅನ್ನಬೇಡಿ, ಬಾಡಿಗೆ ಕಟ್ಟಿ ನಿಮ್ಮ ಪುಸ್ತಕವನ್ನ ಜನ ನೋಡೋ ಕಡೆ ಇಡ್ತಿರೋದು ಅವ್ರು. ಬೆಲೆ 250, ಪ್ರತಿಗೆ ಪ್ರಿಂಟ್ ಖರ್ಚು 90 ಅಂತಿಟ್ಕೊಂಡ್ರೆ ಅಂಗಡಿಯಿಂದ ಕೈಗೆ ಬರೋದು 150, ಉಳಿಯೋದು 60, ಅದರಲ್ಲಿ ಸಾಗಾಟ, ಗೌರವ ಪ್ರತಿ, ಡಿಟಿಪಿ ಎಲ್ಲಾ ಕಳೀಬೇಕು. ನೇರ ಮಾರಿದ್ರೆ 160 ಉಳಿಯತ್ತೆ. ಹಾಗಾಗಿ ಸಣ್ಣ ಸಂಖ್ಯೆ ಪುಸ್ತಕಕ್ಕೆ ನೇರ ಮಾರಾಟವೇ ಬೆನ್ನೆಲುಬು. ಅಂಗಡಿಗೆ ಅಂತ ನಾಲ್ಕೈದು ಕಡೆ ಹತ್ತತ್ತು ಪ್ರತಿ ಕೊಡಿ, ಬೆಂಗಳೂರಲ್ಲಾದ್ರೆ ಗಾಂಧಿಬಜಾರಿನ ಅಂಕಿತ, ಜಯನಗರದ ಟೋಟಲ್ ಕನ್ನಡ, ನವಕರ್ನಾಟಕ, ಸಪ್ನ ಹೀಗೆ, ಎಷ್ಟು ಕೊಟ್ರಿ ಅಂತ ಚೀಟಿ ಬರೆಸ್ಕೊಳ್ಳಿ, ಮೂರು ತಿಂಗಳಿಗೊಂದ್ಸಲ ಹೋಗಿ ನೋಡಿ.

ಅಂಚೆ ವಿಷಯ ಈಚೆಗೆ ಬದಲಾಗಿದೆ. ಎಷ್ಟೋ ವರ್ಷದಿಂದ ಪುಸ್ತಕ ಕಳಿಸೋರ ಕೈಹಿಡಿದಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನ 2024ರ ಡಿಸೆಂಬರಲ್ಲಿ ನಿಲ್ಲಿಸಿದ್ರು, ಸಣ್ಣ ಪ್ರಕಾಶಕರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ರು, ಆಮೇಲೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರುವಾಯ್ತು. ಶುರುವಾದಾಗಿನ ದರ 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗೆ 100, ಟ್ಯಾಕ್ಸ್ ಬೇರೆ. ಮುದ್ರಕರ ಇಲ್ಲಾ ಪ್ರಕಾಶಕರ ಹೆಸರು ಪುಸ್ತಕದ ಮೇಲೆ ಇರಬೇಕು, ಒಳಗೆ ಜಾಹೀರಾತು ತುಂಬಿರಬಾರದು. ನೆಲದ ಮೇಲೇ ಹೋಗತ್ತೆ, ನಿಧಾನ, ಆದ್ರೆ ಟ್ರ್ಯಾಕಿಂಗ್ ಇದೆ. ಆ 230 ಗ್ರಾಂ ನೆನಪಿದ್ಯಲ್ಲ, ತೆಳು ಕವರ್ ಹಾಕಿದ್ರೆ ಮೊದಲ ದರದಲ್ಲೇ ಹೋಗತ್ತೆ, 100 ಜಿಎಸ್‌ಎಂ ಕಾಗದ ಹಾಕಿದ್ರೆ ಹೋಗಲ್ಲ. ಮೂಲೆ ಮಡಚದ ಹಾಗೆ ಎರಡು ರಟ್ಟು ಇಟ್ಟು ಪ್ಯಾಕ್ ಮಾಡಿ.

ನವೆಂಬರಲ್ಲಿ ಎಲ್ಲಾ ಕಡೆ ರಾಜ್ಯೋತ್ಸವ ರಿಯಾಯಿತಿ ಇರತ್ತೆ, ಜನ ಪುಸ್ತಕ ತಗೊಳ್ಳೋ ಮೂಡಲ್ಲಿ ಇರ್ತಾರೆ, ಆಗಸ್ಟ್ ಸೆಪ್ಟೆಂಬರಲ್ಲಿ ಪ್ರಿಂಟ್ ಮುಗಿಸೋ ಹಾಗೆ ಪ್ಲ್ಯಾನ್ ಮಾಡಿ. ಸಾಹಿತ್ಯ ಸಮ್ಮೇಳನದ ಮಳಿಗೆಗೆ ಒಂದೇ ಪುಸ್ತಕ ಇಟ್ಕೊಂಡು ಹೋದ್ರೆ ಬಾಡಿಗೆಯೂ ಹುಟ್ಟಲ್ಲ, ನಾಲ್ಕೈದು ಜನ ಸೇರಿ ಒಂದು ಮೇಜು ಹಿಡೀರಿ.

ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೇಲಿ (ಲೈಬ್ರರಿಗಳಿಗೆ ಪುಸ್ತಕ ಕೊಳ್ಳೋ ಯೋಜನೆ) ಆಯಾ ವರ್ಷ ಪ್ರಕಟವಾದ ಪುಸ್ತಕಗಳಿಗೆ ಅರ್ಜಿ ಕರೀತಾರೆ, ಹಾಕಿ, ಆಯ್ಕೆಯಾದ್ರೆ ಒಳ್ಳೇದು. ಆದ್ರೆ ಆ ದುಡ್ಡನ್ನ ನೆಚ್ಕೊಂಡು ಸಾಲ ಮಾಡಿ ಪ್ರಿಂಟ್ ಹಾಕ್ಸಬೇಡಿ, ಯಾವಾಗ ಕೈಗೆ ಬರತ್ತೆ ಅಂತ ಹೇಳೋಕಾಗಲ್ಲ. ನಾವು ಕಟ್ಟೋ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ನೂರಕ್ಕೆ 6 ಹೋಗತ್ತೆ, ರಸೀದಿ ತೆಗೆದು ನೋಡಿ, ಅಷ್ಟು ಕಟ್ಟೋ ನಾವು ನಮ್ಮೂರ ಲೈಬ್ರರಿಗೆ ಹೋಗಿ ಈ ಪುಸ್ತಕ ತರಿಸಿ ಅಂತ ಕೇಳೋದೇ ಇಲ್ಲ. ಕನ್ನಡ ಪುಸ್ತಕ ಪ್ರಾಧಿಕಾರದಿಂದ ಹೊಸ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ, ಅದಕ್ಕೆ ಅರ್ಹತೆ ಇದ್ಯಾ ಅಂತ ಪ್ರಿಂಟಿಗೆ ಮುಂಚೇನೇ ನೋಡ್ಕೊಳ್ಳಿ.

ಇ-ಪುಸ್ತಕ, ಪಿಡಿಎಫ್ ಕಳ್ಳರು

ಮೊದಲಿಂದ ಯೂನಿಕೋಡಲ್ಲಿ ಮಾಡಿದ್ರೆ ಇ-ಪುಸ್ತಕ ಒಂದು ಸಂಜೆಯ ಕೆಲಸ. ಕನ್ನಡ ಇ-ಪುಸ್ತಕ ಮಾರೋ ಮೈಲ್ಯಾಂಗ್ ಆಪಿಗೆ ಕೊಡಬಹುದು, ಗೂಗಲ್ ಪ್ಲೇ ಬುಕ್ಸಲ್ಲಿ ಹಾಕಬಹುದು. ಅಮೆರಿಕದಲ್ಲೋ ದುಬೈಯಲ್ಲೋ ಇರೋ ಕನ್ನಡದವ್ರಿಗೆ ಪುಸ್ತಕಕ್ಕಿಂತ ಅಂಚೆ ದುಬಾರಿ, ಅವ್ರಿಗೆ ಇದೇ ದಾರಿ, ಅಥವಾ ಊರಿಗೆ ಬಂದಾಗ ತಗೊಂಡು ಹೋಗೋ ಹಾಗೆ ಅವರ ಅಪ್ಪ ಅಮ್ಮನ ವಿಳಾಸಕ್ಕೆ ಕಳಿಸೋದು, ಇದು ನಿಜವಾಗ್ಲೂ ನಡೆಯತ್ತೆ, ಮುಂಗಡ ಫಾರ್ಮಲ್ಲಿ ಅದಕ್ಕೊಂದು ಕಾಲಂ ಇಡಿ. ಇ-ಪುಸ್ತಕ ಬಂದ್ರೆ ಪ್ರಿಂಟ್ ಮಾರಾಟ ಬಿದ್ದೋಗತ್ತೆ ಅನ್ನೋ ಭಯ ಸಣ್ಣ ಪುಸ್ತಕಕ್ಕೆ ಬೇಡ, ಎರಡೂ ಬೇರೆ ಬೇರೆ ಜನ. ಬೇಕಿದ್ರೆ ಪ್ರಿಂಟ್ ಬಂದ ಎರಡು ಮೂರು ತಿಂಗಳಿಗೆ ಹಾಕಿ.

ಭಯ ಪಡಬೇಕಾದ್ದು ಪಿಡಿಎಫ್‌ಗೆ. ಪ್ರೆಸ್‌ಗೆ ಕಳಿಸಿದ ಪಿಡಿಎಫನ್ನ ಇನ್ಯಾರಿಗೂ ಕಳಿಸಬೇಡಿ, ವಿಮರ್ಶೆ ಬರೀತೀನಿ ಅನ್ನೋರಿಗೂ, ಅತಿಥಿಗಳಿಗೂ, ಅತ್ಯಂತ ಆಪ್ತರಿಗೂ. ಒಬ್ಬರಿಗೆ ವಾಟ್ಸಾಪಲ್ಲಿ ಹೋದ್ರೆ ವಾರದೊಳಗೆ ಯಾವುದೋ ಟೆಲಿಗ್ರಾಂ ಗುಂಪಲ್ಲಿ ಇರತ್ತೆ, ಹಾಕಿದವ್ರು ಸಾಹಿತ್ಯ ಸೇವೆ ಅಂತ ಬೇರೆ ಬರ್ಕೊಂಡಿರ್ತಾರೆ. ಮೊದಲ 10-12 ಪುಟ ಮಾತ್ರ ಇರೋ ಸ್ಯಾಂಪಲ್ ಪಿಡಿಎಫ್ ಒಂದು ಬೇರೆ ಮಾಡಿಟ್ಕೊಂಡು ಕೇಳಿದೋರಿಗೆಲ್ಲ ಅದನ್ನೇ ಕಳಿಸಿ. ಪ್ರೆಸ್‌ಗೂ ಡ್ರೈವ್ ಲಿಂಕ್ ಕೊಟ್ಟು ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಎರಡನೇ ಮುದ್ರಣ

ಮೂಲ ಫೈಲು, ಫಾಂಟು, ಚಿತ್ರಗಳು, ಪಿಡಿಎಫ್ ಎಲ್ಲಾ ಒಂದು ಫೋಲ್ಡರಲ್ಲಿ ಹಾಕಿ ಎರಡು ಕಡೆ ಇಡಿ, ಡಿಟಿಪಿಯವರ ಕಂಪ್ಯೂಟರ್ ನಂಬ್ಕೋಬೇಡಿ, ದುಡ್ಡು ಕೊಡೋ ದಿನವೇ ಪೆನ್‌ಡ್ರೈವಲ್ಲಿ ಹಾಕಿಸ್ಕೊಂಡು ಬನ್ನಿ. ಒಂದು ಪ್ರತಿಯನ್ನ ತಿದ್ದುಪಡಿ ಪ್ರತಿ ಅಂತ ಮುಖಪುಟದ ಮೇಲೇ ಬರೆದು ಮನೇಲಿಡಿ, ಓದುಗರು ಫೋನ್ ಮಾಡಿ ಹೇಳೋ ತಪ್ಪುಗಳನ್ನೆಲ್ಲ ಅದರಲ್ಲೇ ಗುರುತು ಹಾಕ್ತಾ ಹೋಗಿ, ಊರಿನ ಚರಿತ್ರೆ ಥರದ ಪುಸ್ತಕಕ್ಕೆ ನಮ್ಮಜ್ಜನ ಹೆಸರು ಬಿಟ್ಟಿದ್ದೀರಿ ಅಂತ ಫೋನ್ ಬಂದೇ ಬರತ್ತೆ. ಮನೇಲಿ 30 ಪ್ರತಿ ಉಳಿದಾಗ ಫೈಲ್ ತಿದ್ದಿ ಇನ್ನೊಂದು 100ಕ್ಕೆ ಹೇಳಿ, ಹಕ್ಕುಪುಟದಲ್ಲಿ ಎರಡನೇ ಮುದ್ರಣ ಅಂತ ವರ್ಷ ಬದಲಾಯಿಸಿ, ವಿಷಯ ತುಂಬಾ ಬದಲಾಗಿದ್ರೆ ಮಾತ್ರ ಪರಿಷ್ಕೃತ ಆವೃತ್ತಿ ಅಂತ ಹಾಕಿ ಹೊಸ ಐಎಸ್‌ಬಿಎನ್ ತಗೊಳ್ಳಿ, ಬರೀ ಕಾಗುಣಿತ ತಿದ್ದಿದ್ದಕ್ಕೆ ಹಳೇದೇ ಸಾಕು.